ಹುಬ್ಬಳ್ಳಿಯಿಂದ ಮುಂಬೈಗೆ ಒಂದು ವಾರ: ಡೊಂಬಿವಲಿ, ಟಾಟಾ ಆಸ್ಪತ್ರೆ, ಮಾಟುಂಗಾ, ಕಾಂದಿವಲಿ. ಲೋಕಲ್ ಹೆಂಗ ಹಿಡಿಯೋದು?

ಹುಬ್ಬಳ್ಳಿ_ಪ್ರಯಾಣಿ

ಎಲ್ಲಾರಿಗೂ ನಮಸ್ಕಾರ್ರಿ. ಜುಲೈ ಎರಡನೇ ವಾರ ಮೂರು ಮಂದಿ ಮುಂಬೈಗೆ ಹೊಂಟೇವಿ. ಒಬ್ಬರು 68 ವರ್ಷದ ಹಿರಿಯರು, ಅವರನ್ನ ಪರೇಲ್‌ನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ತೋರಿಸಬೇಕು. ಹುಬ್ಬಳ್ಳಿ–ದಾದರ್ ಎಕ್ಸ್‌ಪ್ರೆಸ್ಸಿಗೆ ದಾದರ್ ತನಕಾ ಟಿಕೀಟ್ ತಗಸೇವಿ. ಉಳಕೊಳ್ಳೋದು ಡೊಂಬಿವಲಿ ಪೂರ್ವದಾಗ. ಆಸ್ಪತ್ರೆಗೆ ಎರಡು ದಿನ ಮುಂಜಾನೆ 9ಕ್ಕ ಮುಟ್ಟಬೇಕು. ಒಂದು ಸಂಜಿ ಮಾಟುಂಗಾದ ಮೈಸೂರು ಅಸೋಸಿಯೇಶನ್, ರವಿವಾರ ಕಾಂದಿವಲಿ ಪಶ್ಚಿಮ. ಲೋಕಲ್ಲಿನ ರೂಢಿ ಯಾರಿಗೂ ಇಲ್ಲ. ಯಾವ ಗಾಡಿ, ಎಲ್ಲೆ ಹತ್ತೋದು, ಎಲ್ಲೆ ಇಳಿಯೋದು, ಬಿಡಿಸಿ ಹೇಳ್ರಿ.

ಡೊಂಬಿವಲಿ_ಸ್ಲೋ

ಮೊದಲು ಒಂದು ತಿದ್ದುಪಡಿ. ದಾದರ್‌ವರೆಗೆ ಹೋಗಬೇಡಿ, ಕಲ್ಯಾಣ್‌ನಲ್ಲೇ ಇಳಿದುಬಿಡಿ. ಪುಣೆ ಕಡೆಯಿಂದ ಬರುವ ಗಾಡಿಗೆ ಕಲ್ಯಾಣ್ ಮೊದಲು, ಆಮೇಲೆ ಡೊಂಬಿವಲಿ, ಠಾಣೆ, ದಾದರ್. ಸಾಮಾನು ಹೊತ್ತುಕೊಂಡು ದಾದರ್ ಮುಟ್ಟಿ, ಅಲ್ಲಿಂದ ಮತ್ತೆ 40 ಕಿ.ಮೀ. ಹಿಂದಕ್ಕೆ ಬರುವುದರಲ್ಲಿ ಅರ್ಥವಿಲ್ಲ. ದಾದರ್ ಟಿಕೆಟ್ ಇದ್ದವರು ಮೊದಲೇ ಇಳಿಯುವುದಕ್ಕೆ ಅಡ್ಡಿಯೇನೂ ಇಲ್ಲ. ಕಲ್ಯಾಣ್‌ನಲ್ಲಿ ಡೊಂಬಿವಲಿಗೆ ಬೇರೆ ಲೋಕಲ್ ಟಿಕೆಟ್ ತೆಗೆಯಿರಿ, ಸೆಕೆಂಡ್ ಕ್ಲಾಸ್‌ಗೆ 5 ರೂಪಾಯಿ. ಸ್ಲೋ (ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ) ಗಾಡಿಗೆ ನಡುವೆ ಠಾಕುರ್ಲಿ ಒಂದೇ ಸ್ಟೇಷನ್.

ಇನ್ನು ಇಡೀ ವಾರಕ್ಕೆ ಅನ್ವಯಿಸುವ ಮಾತು. ಮುಂಬೈಯಲ್ಲಿ ಲೆಕ್ಕವನ್ನು ಇಳಿಯುವ ಕಡೆಯಿಂದ ಹಿಂದಕ್ಕೆ ಹಾಕಬೇಕು. ಮೊದಲು ಹೋಗುವ ಜಾಗ ಯಾವ ಲೈನಿನಲ್ಲಿದೆ: ವೆಸ್ಟರ್ನ್, ಸೆಂಟ್ರಲ್, ಹಾರ್ಬರ್? ಆಮೇಲೆ ಹಳಿಯ ಪೂರ್ವಕ್ಕೋ ಪಶ್ಚಿಮಕ್ಕೋ? ಆ ಸ್ಟೇಷನ್ನಿನಲ್ಲಿ ಫಾಸ್ಟ್ (ಕೆಲವೇ ಕಡೆ ನಿಲ್ಲುವ ಗಾಡಿ) ನಿಲ್ಲುತ್ತದೆಯೋ ಇಲ್ಲವೋ? ಇಷ್ಟು ತಿಳಿದ ಮೇಲೆ ಯಾವ ಗಾಡಿ ಹತ್ತಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ಮೊದಲು ಬಂದ ಗಾಡಿ ಹತ್ತಿ ಆಮೇಲೆ ಕೇಳಿದರಾಯಿತು ಅಂದುಕೊಂಡವರೇ ಪರೇಲ್‌ಗೆ ಹೊರಟು ಭಾಯ್‌ಖಳಾದಲ್ಲಿ ಇಳಿಯುವುದು.

ಸೆಂಟ್ರಲ್‌ನಲ್ಲಿ ಫಾಸ್ಟ್ ಲೋಕಲ್ ಸಾಮಾನ್ಯವಾಗಿ ನಿಲ್ಲುವುದು ಕಲ್ಯಾಣ್, ಡೊಂಬಿವಲಿ, ಠಾಣೆ, ಘಾಟ್ಕೋಪರ್, ಕುರ್ಲಾ, ದಾದರ್, ಭಾಯ್‌ಖಳಾ, ಕೊನೆಗೆ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್). ಕೆಲವು ಮುಲುಂಡ್, ದಿವಾದಲ್ಲೂ ನಿಲ್ಲುತ್ತವೆ. ನಿಮಗೆ ಬೇಕಾದ ಪರೇಲ್ ಮತ್ತು ಮಾಟುಂಗಾ ಎರಡಕ್ಕೂ ಸ್ಲೋ ಗಾಡಿಯೇ ಬೇಕು.

ಪರೇಲ್_ನೆರೆಹೊರೆ

ಆಸ್ಪತ್ರೆಯ ದಿನದ ಬಗ್ಗೆ ಹೇಳುತ್ತೇನೆ. ಈ ವಿಚಾರದಲ್ಲಿ ಹಲವರು ತಪ್ಪು ಸಲಹೆ ಕೊಡುತ್ತಾರೆ. "ಡೊಂಬಿವಲಿಯಿಂದ ಫಾಸ್ಟ್ ಹಿಡಿದು ದಾದರ್, ಅಲ್ಲಿ ಸ್ಲೋ ಬದಲಿಸಿ ಪರೇಲ್" ಅನ್ನುವುದು ದಿನಾ ಓಡಾಡುವವರ ದಾರಿ. ಬೆಳಗ್ಗೆ 7ರಿಂದ 10ರವರೆಗೆ ಕಲ್ಯಾಣ್ ಕಡೆಯಿಂದ ಬರುವ ಫಾಸ್ಟ್ ಡೊಂಬಿವಲಿ ಮುಟ್ಟುವಾಗಲೇ ತುಂಬಿರುತ್ತದೆ. ಕಾಯಿಲೆಯ ಹಿರಿಯರನ್ನು ಅದರಲ್ಲಿ ಹತ್ತಿಸುವುದೂ ಆಗದು, ದಾದರ್‌ನ ಸೇತುವೆ ಹತ್ತಿ ಇಳಿಸುವುದೂ ಬೇಡ.

ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್ ಹಿಡಿಯಿರಿ. ಹಿಂದಿನ ದಿನವೇ ಸ್ಟೇಷನ್‌ಗೆ ಹೋಗಿ ಸಮಯ, ಪ್ಲಾಟ್‌ಫಾರ್ಮ್ ನೋಡಿಟ್ಟುಕೊಳ್ಳಿ. ಗಾಡಿ ಅಲ್ಲೇ ಹುಟ್ಟುವುದರಿಂದ ಹತ್ತು ನಿಮಿಷ ಮೊದಲು ನಿಂತರೆ ಕೂರಲು ಜಾಗ ಸಿಗುವ ಸಂಭವ ಹೆಚ್ಚು, ಮತ್ತು ಎಲ್ಲೂ ಬದಲಿಸದೆ ನೇರ ಪರೇಲ್‌ನಲ್ಲಿ ಇಳಿಯಬಹುದು. ಫಾಸ್ಟ್‌ಗಿಂತ ಹೊತ್ತು ಹೆಚ್ಚು, ಒಂದು ಗಂಟೆಯ ಮೇಲೆ ಹಿಡಿಯುತ್ತದೆ. ಪರೇಲ್‌ನಿಂದ ನಡಿಗೆಯೂ ಸೇರಿ 9ಕ್ಕೆ ಮುಟ್ಟಬೇಕಾದರೆ 7.15ರೊಳಗೆ ಗಾಡಿಯಲ್ಲಿರಬೇಕು.

ಇದು ಮರೆಯಬೇಡಿ: ಪ್ರತಿ ಲೋಕಲ್‌ನಲ್ಲೂ ಅಂಗವಿಕಲರ ಡಬ್ಬ ಇರುತ್ತದೆ, ಅದರಲ್ಲಿ ಕ್ಯಾನ್ಸರ್ ರೋಗಿಗಳಿಗೂ ಗರ್ಭಿಣಿಯರಿಗೂ ಅವಕಾಶವಿದೆ. ಗಾಲಿಕುರ್ಚಿಯ ಗುರುತು ನೋಡಿ ಅದರ ಎದುರು ನಿಲ್ಲಿ. ಆಸ್ಪತ್ರೆಯ ಕಾಗದ ಚೀಲದ ತಳದಲ್ಲಿ ಬೇಡ, ಕೈಗೆ ಸಿಗುವಂತಿರಲಿ, ಕೇಳಿದರೆ ತೋರಿಸಬೇಕು. ಜೊತೆಯವರೆಲ್ಲ ಅದರಲ್ಲೇ ಹತ್ತಲು ಬರುವುದಿಲ್ಲ. ಹೊರಡುವ ಮೊದಲೇ ಹಿರಿಯರ ಜೊತೆ ಯಾರು, ಪಕ್ಕದ ಡಬ್ಬದಲ್ಲಿ ಯಾರು ಅಂತ ತೀರ್ಮಾನಿಸಿ.

ಪರೇಲ್‌ನಲ್ಲಿ ಇಳಿದು ಪೂರ್ವಕ್ಕೆ ಹೊರಬನ್ನಿ. ಟಾಟಾ ಮತ್ತು ಕೆಇಎಂ ಆಸ್ಪತ್ರೆ ಎದುರುಬದುರು. ಯಾರನ್ನು ಕೇಳಿದರೂ "ಕೆಇಎಂ" ಅಂದರೆ ಸಾಕು, ದಾರಿ ತೋರಿಸುತ್ತಾರೆ. ನಡೆದರೆ ಹದಿನೈದು ನಿಮಿಷ. ಹಿರಿಯರಿಗೆ ಆಗದಿದ್ದರೆ ಸ್ಟೇಷನ್ ಹೊರಗೇ ಟ್ಯಾಕ್ಸಿ.

ವೆಸ್ಟರ್ನ್ ಲೈನಿನ ಪ್ರಭಾದೇವಿಯಲ್ಲಿ ಇಳಿದು ಟ್ಯಾಕ್ಸಿ ಮಾಡುವ ಹಳೆಯ ದಾರಿ ಈಗ ಬೇಡ. ಹಳಿಯ ಮೇಲಿನ ಎಲ್ಫಿನ್‌ಸ್ಟನ್ ರಸ್ತೆ ಸೇತುವೆಯನ್ನು ಕೆಡವಿ ಕಟ್ಟಲು 2025ರ ಸೆಪ್ಟೆಂಬರ್‌ನಲ್ಲಿ ಮುಚ್ಚಿದರು, ರಸ್ತೆಯ ವಾಹನಗಳು ಸುತ್ತಿ ಬರಬೇಕಾಯಿತು.

ಹುಬ್ಬಳ್ಳಿ_ಪ್ರಯಾಣಿ

ಭಾಳ ಉಪಕಾರ ಆತ್ರಿ. ಕ್ಯಾನ್ಸರ್ ಪೇಶಂಟಿಗೆ ಆ ಡಬ್ಬಿ ನಡೀತದ ಅನ್ನೋದು ಗೊತ್ತಿರಲಿಲ್ಲ. ವಾಪಸ್ ಊರಿಗೆ ಬರೋ ಟಿಕೀಟಿಗೂ ಏನರ ಸವಲತ್ತು ಐತೇನ್ರಿ?

ಪರೇಲ್_ನೆರೆಹೊರೆ

ಇದೆ. ಆಸ್ಪತ್ರೆಯಲ್ಲಿ ರೈಲ್ವೆ ರಿಯಾಯಿತಿ ಫಾರ್ಮ್ ಕೇಳಿ, ಸಹಿ ಮೊಹರು ಹಾಕಿಸಿಕೊಳ್ಳಿ. ಚಿಕಿತ್ಸೆಗೆ ಅಥವಾ ತಪಾಸಣೆಗೆ ಓಡಾಡುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು 3 ಎಸಿಯಲ್ಲಿ ಪೂರ್ತಿ ದರ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75 ರಿಯಾಯಿತಿ. ಟಿಕೆಟನ್ನು ಫಾರ್ಮ್ ಕೊಟ್ಟು ಕೌಂಟರಿನಲ್ಲಿ ಮಾಡಿಸಿ. ಅದಕ್ಕೇ ವಾಪಸ್ ಟಿಕೆಟ್ ಈಗಲೇ ಪೂರ್ತಿ ದುಡ್ಡು ಕೊಟ್ಟು ತೆಗೆಯಬೇಡಿ.

ಮಾಟುಂಗಾ_ಪೂರ್ವ

ಮಾಟುಂಗಾ ಅಂದಾಗ ಎಲ್ಲರೂ ಎಡವುವುದು ಇಲ್ಲಿ: ಮಾಟುಂಗಾ ಬೇರೆ, ಮಾಟುಂಗಾ ರೋಡ್ ಬೇರೆ. ಮೊದಲನೆಯದು ಸೆಂಟ್ರಲ್, ಎರಡನೆಯದು ವೆಸ್ಟರ್ನ್. ಮೈಸೂರು ಅಸೋಸಿಯೇಶನ್ ಇರುವುದು ಭಾವು ದಾಜಿ ರಸ್ತೆಯಲ್ಲಿ, ಪೂರ್ವದಲ್ಲಿ. ನೀವು ಸೆಂಟ್ರಲ್ ಸ್ಲೋ ಹಿಡಿದು ಮಾಟುಂಗಾದಲ್ಲಿ ಇಳಿದು ಪೂರ್ವಕ್ಕೆ ಬಂದರೆ ನಡೆದೇ ಮುಟ್ಟಬಹುದು. ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರಕ್ಕೆ ಹೋಗುವವರು ಮಾತ್ರ ಪಶ್ಚಿಮಕ್ಕೆ, ಮಾಟುಂಗಾ ರೋಡ್ ಕಡೆಗೆ ಹೋಗಬೇಕು. ತಪ್ಪಿ ಆ ಕಡೆ ಇಳಿದವರು ಗಾಬರಿಯಾಗಬೇಕಿಲ್ಲ, ಎರಡೂ ಕಡೆಯನ್ನು ಸೇರಿಸುವ ಝೆಡ್ ಬ್ರಿಜ್ ಅನ್ನುವ ಕಾಲುಸೇತುವೆ ಇದೆ.

ಸಂಜೆ ಕಾರ್ಯಕ್ರಮ ಮುಗಿಸಿ ಡೊಂಬಿವಲಿಗೆ ವಾಪಸಾಗುವಾಗ 9ರ ನಂತರ ಹತ್ತಿ. ಅದಕ್ಕಿಂತ ಮೊದಲು ಹೊರಡುವುದಾದರೆ 5ರೊಳಗೆ. ನಡುವಿನ ಹೊತ್ತು ನಿಮಗಲ್ಲ.

ಕಾಂದಿವಲಿ_ಕರಾವಳಿ

ಕಾಂದಿವಲಿಗೆ ಎರಡು ದಾರಿ ಉಂಟು. ಒಂದು, ದಾದರ್‌ಗೆ ಹೋಗಿ ಸೇತುವೆ ದಾಟಿ ವೆಸ್ಟರ್ನ್‌ಗೆ ಬದಲಿಸಿ ಮತ್ತೆ ಉತ್ತರಕ್ಕೆ ಬರುವುದು. ಕೆಳಗೆ ಹೋಗಿ ಮೇಲೆ ಬಂದ ಹಾಗೆ. ಇನ್ನೊಂದು ಘಾಟ್ಕೋಪರ್‌ನಿಂದ ಮೆಟ್ರೋ. ಹಿರಿಯರು ಜೊತೆಗಿರುವಾಗ ನಾನು ಮೆಟ್ರೋವನ್ನೇ ಹೇಳುವುದು. ಲಿಫ್ಟ್ ಉಂಟು, ಎಸಿ ಉಂಟು, ಬಾಗಿಲು ಮುಚ್ಚಿಕೊಳ್ತದೆ.

ಡೊಂಬಿವಲಿಯಿಂದ ಫಾಸ್ಟ್‌ನಲ್ಲಿ ಘಾಟ್ಕೋಪರ್ ಇಳಿಯಿರಿ. ಭಾನುವಾರ ಅಷ್ಟು ನೂಕುನುಗ್ಗಲು ಇರುವುದಿಲ್ಲ. ಸ್ಟೇಷನ್ನಿನ ಮೇಲಿನ ಸೇತುವೆಯಿಂದಲೇ ಪಶ್ಚಿಮದ ಬದಿಗೆ ಮೆಟ್ರೋ 1ರ ಸ್ಟೇಷನ್‌ಗೆ ದಾರಿ. ವರ್ಸೋವಾ ಕಡೆಯ ಗಾಡಿ ಹತ್ತಿ. ಈಗ ಮುಖ್ಯ ವಿಷಯ: ನಿಮ್ಮದು ಕಾಂದಿವಲಿ ಪಶ್ಚಿಮ. ಹಾಗಾಗಿ ಡಿ.ಎನ್. ನಗರದಲ್ಲಿ ಇಳಿದು, ಕೂಡುಸೇತುವೆ ದಾಟಿ ಅಂಧೇರಿ ವೆಸ್ಟ್ ಸ್ಟೇಷನ್‌ನಿಂದ 2ಎ ಲೈನ್ ಹಿಡಿದು ದಹಾಣೂಕರ್‌ವಾಡಿ ಇಲ್ಲವೇ ಕಾಂದಿವಲಿ ವೆಸ್ಟ್. ಪೂರ್ವಕ್ಕೆ ಹೋಗುವವರು ಮೊದಲೇ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಸ್ಟೇಷನ್‌ನಲ್ಲಿ ಇಳಿದು ಗುಂದವಲಿಯಿಂದ ಲೈನ್ 7 ಹಿಡಿದು ಆಕುರ್ಲಿ ಅಥವಾ ಪೋಯ್ಸರ್‌ನಲ್ಲಿ ಇಳಿಯಬೇಕು. ಎರಡು ಲೈನೂ ಕಾಂದಿವಲಿಯ ಎರಡು ಬದಿಯಲ್ಲಿ ಹೋಗುವುದು. ತಪ್ಪಿದರೆ ಪೂರ್ವದಿಂದ ಪಶ್ಚಿಮಕ್ಕೆ ರಿಕ್ಷಾದಲ್ಲಿ ದಾಟಲಿಕ್ಕೇ ಅರ್ಧ ಗಂಟೆ ಹೋದರೂ ಹೋಯಿತು ಮಾರಾಯ್ರೆ. ಮನೆಯವರ ಹತ್ತಿರ ವಿಳಾಸ ತಗೊಳ್ಳುವಾಗ ಬಿಲ್ಡಿಂಗ್ ಹೆಸರಿಗಿಂತ ಮೊದಲು ಪೂರ್ವವೋ ಪಶ್ಚಿಮವೋ ಕೇಳಿ ಬರ್ಕೊಳ್ಳಿ.

ಮೆಟ್ರೋ 1 ಬೇರೆಯವರದ್ದು, 2ಎ ಮತ್ತು 7 ಬೇರೆಯವರದ್ದು, ಭೂಗತ ಲೈನ್ 3 ಮತ್ತೂ ಬೇರೆ. ಕಿಟಕಿಯಲ್ಲಿ ತೆಗೆಯುವುದಾದರೆ ಒಬ್ಬರ ಲೈನಿನಿಂದ ಇನ್ನೊಬ್ಬರ ಲೈನಿಗೆ ಬದಲಿಸಿದಾಗೆಲ್ಲ ಹೊಸ ಟಿಕೆಟ್ ಬೇಕು. 2025ರ ಅಕ್ಟೋಬರ್‌ನಲ್ಲಿ ಬಂದ ಮುಂಬೈ ಒನ್ ಆ್ಯಪ್‌ನಲ್ಲಿ ಎಲ್ಲ ಮೆಟ್ರೋಗಳನ್ನೂ ಸೇರಿಸಿದ್ದಾರೆ. ಹೊರಡುವ ಮೊದಲೇ ಹಾಕಿಟ್ಟುಕೊಳ್ಳಿ.

ಹಾರ್ಬರ್_ಕನ್ನಡ

ಭಾನುವಾರ ಅಂದಿದ್ದೀರಿ, ಮೆಗಾ ಬ್ಲಾಕ್ ನೋಡಿಕೊಳ್ಳಿ. ಹಳಿಯ ದುರಸ್ತಿಗೆ ಹೆಚ್ಚಾಗಿ ಭಾನುವಾರ ಬೆಳಗ್ಗೆ 11ರಿಂದ ಸಂಜೆ 4ರ ಆಸುಪಾಸಿನವರೆಗೆ ಒಂದು ಜೋಡಿ ಹಳಿ ಮುಚ್ಚುತ್ತಾರೆ. ಯಾವ ಸೆಕ್ಷನ್ ಅನ್ನುವುದನ್ನು ಒಂದೆರಡು ದಿನ ಮೊದಲು ಪ್ರಕಟಿಸುತ್ತಾರೆ. ಮಾಟುಂಗಾ–ಮುಲುಂಡ್ ನಡುವೆ ಸ್ಲೋ ಹಳಿ ಮುಚ್ಚಿದರೆ ಸ್ಲೋ ಗಾಡಿಗಳನ್ನು ಫಾಸ್ಟ್ ಹಳಿಗೆ ಹಾಕುತ್ತಾರೆ; ಆಗ ವಿದ್ಯಾವಿಹಾರ್, ಕಾಂಜೂರ್‌ಮಾರ್ಗ್, ನಾಹೂರ್‌ನಲ್ಲಿ ನಿಲ್ಲುವುದಿಲ್ಲ, ಅಲ್ಲಿ ಫಾಸ್ಟ್ ಹಳಿಗೆ ಪ್ಲಾಟ್‌ಫಾರ್ಮ್ ಇಲ್ಲ. ಘಾಟ್ಕೋಪರ್ ಎರಡರಲ್ಲೂ ಸಿಗುತ್ತದೆ, ನಿಮಗೆ ತಡವಾಗಬಹುದು ಅಷ್ಟೆ. 10ಕ್ಕಿಂತ ಮೊದಲು ಘಾಟ್ಕೋಪರ್ ದಾಟಿಬಿಟ್ಟರೆ ಆ ತಲೆನೋವೂ ಇಲ್ಲ.

ಕರಾವಳಿಯಿಂದ ಬರುವವರು ಇದನ್ನು ಓದುತ್ತಿದ್ದರೆ: ಮತ್ಸ್ಯಗಂಧಾ, ನೇತ್ರಾವತಿ ಎರಡೂ ಪನ್ವೇಲ್, ಠಾಣೆ ದಾಟಿ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ ಹೋಗುತ್ತವೆ. ನೆರೂಲ್, ವಾಶಿ ಕಡೆಯವರು ಪನ್ವೇಲ್‌ನಲ್ಲೇ ಇಳಿದು ಹಾರ್ಬರ್ ಹಿಡಿಯಿರಿ. ಮುಲುಂಡ್, ಡೊಂಬಿವಲಿಯವರು ಠಾಣೆ. ಟರ್ಮಿನಸ್‌ವರೆಗೆ ಹೋದವರಿಗೆ ಹತ್ತಿರದ ಲೋಕಲ್ ಸ್ಟೇಷನ್ ಕುರ್ಲಾ ಅಲ್ಲ, ಹಾರ್ಬರ್ ಲೈನಿನ ತಿಲಕ್ ನಗರ್. ಹೊರಗೆ ಬಂದ ಕೂಡಲೇ ಮುತ್ತಿಕೊಳ್ಳುವ ರಿಕ್ಷಾದವರಿಗೆ "ಕುರ್ಲಾ" ಅನ್ನುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ಮುಲುಂಡ್_ಅಕ್ಕ

ಮೂವರಲ್ಲಿ ಹೆಂಗಸರು ಇದ್ದಾರಾ? ಇದ್ದರೆ ಲೇಡೀಸ್ ಡಬ್ಬವೇ ವಾಸಿ. ಡಬ್ಬದ ಮೇಲೆ ಹಸಿರು ಪಟ್ಟೆ, ಪ್ಲಾಟ್‌ಫಾರ್ಮ್ ಕಂಬಗಳಲ್ಲೂ ಅದೇ ಬಣ್ಣದ ಗುರುತು. ಕೆಂಪು ಪಟ್ಟೆ ಅಂದರೆ ಫಸ್ಟ್ ಕ್ಲಾಸ್. ಹೊಸಬರು ಸಿಕ್ಕಿಬೀಳುವುದು ಇಲ್ಲೇ. ಗಾಡಿ ನಿಂತಾಗ ಕಡಿಮೆ ಜನ ಇರುವ ಬಾಗಿಲು ಕಂಡು ಓಡಿ ಹತ್ತುತ್ತಾರೆ, ಅದು ಫಸ್ಟ್ ಕ್ಲಾಸ್ ಆಗಿರುತ್ತದೆ. ಸೀಟು ನೋಡಿದರೆ ವ್ಯತ್ಯಾಸ ಏನೂ ದೊಡ್ಡದಾಗಿ ಕಾಣುವುದಿಲ್ಲ. ಟಿಸಿ ಬಂದರೆ ಕನಿಷ್ಠ 250 ರೂಪಾಯಿ ದಂಡ, ಅದರ ಮೇಲೆ ಟಿಕೆಟ್ ದರದ ವ್ಯತ್ಯಾಸ. ಎಸಿ ಲೋಕಲ್‌ಗೂ ಹಾಗೇ, ಅದೇ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಅದಕ್ಕೆ ಬೇರೆ ಟಿಕೆಟ್. ಫಸ್ಟ್ ಕ್ಲಾಸ್ ಟಿಕೆಟ್ ಕೂಡ ಎಸಿಯಲ್ಲಿ ನಡೆಯುವುದಿಲ್ಲ.

12 ವರ್ಷ ದಾಟಿದ ಹುಡುಗರನ್ನು ಲೇಡೀಸ್‌ಗೆ ಹತ್ತಿಸಬೇಡಿ. ಬೇರೆ ಬೇರೆ ಡಬ್ಬದಲ್ಲಿ ಹೋಗುವಾಗ ಎಲ್ಲಿ ಇಳಿಯುವುದು, ಇಳಿದ ಮೇಲೆ ಎಲ್ಲಿ ನಿಲ್ಲುವುದು ಎರಡನ್ನೂ ಮಾತಾಡಿಕೊಳ್ಳಿ. "ಪರೇಲ್‌ನಲ್ಲಿ ಇಳಿ, ಅಲ್ಲೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿರು, ಸೇತುವೆ ಹತ್ತಬೇಡ" ಅಂತ ಇಷ್ಟು ಬಿಡಿಸಿ ಹೇಳಬೇಕು. ಗದ್ದಲದಲ್ಲಿ ಫೋನ್ ಕೇಳಿಸುವುದಿಲ್ಲ.

ಹುಬ್ಬಳ್ಳಿ_ಪ್ರಯಾಣಿ

ಹೌದ್ರಿ ಅಕ್ಕಾರ, ಅವ್ವನೂ ಬರ್ತಾಳ. ಟಿಕೀಟ್ ಫೋನ್‌ನಾಗ ತಗೀಬಹುದೇನು? ಮತ್ತ ಆ ಬೋರ್ಡಿನ ಮ್ಯಾಲೆ ಬರೇ ಒಂದೊಂದು ಅಕ್ಷರ ಇರತಾವಂತ, ಅದನ್ನ ಹೆಂಗ ಓದೋದು?

ಡೊಂಬಿವಲಿ_ಸ್ಲೋ

ಟಿಕೆಟ್ ಮೊದಲು. ಹಿಂದೆ ಯುಟಿಎಸ್ ಆ್ಯಪ್ ಇತ್ತು, 2025ರ ಜುಲೈನಲ್ಲಿ ರೈಲ್‌ವನ್ ಬಂದಿದೆ. ಊರಲ್ಲೇ ಹಾಕಿಕೊಂಡು, ನೋಂದಾಯಿಸಿ, ವಾಲೆಟ್‌ಗೆ ಸ್ವಲ್ಪ ದುಡ್ಡು ತುಂಬಿಡಿ. ಕಾಗದವಿಲ್ಲದ ಟಿಕೆಟ್ ಸ್ಟೇಷನ್ ಒಳಗೆ, ಹಳಿಯ ಪಕ್ಕ ನಿಂತು ತೆಗೆಯಲು ಬರುವುದಿಲ್ಲ, ಆ್ಯಪ್ ನಿಮ್ಮ ಜಾಗ ನೋಡಿ ತಡೆಯುತ್ತದೆ. ಹಾಗಾಗಿ ಮನೆಯಿಂದ ಹೊರಡುವಾಗಲೇ ತೆಗೆಯಿರಿ. ಆದರೆ ತೀರಾ ಮೊದಲೂ ಬೇಡ, ಒಂದು ಗಂಟೆಯೊಳಗೆ ಪ್ರಯಾಣ ಶುರುವಾಗಬೇಕು. ಟಿಸಿಗೆ ಆ್ಯಪ್ ತೆರೆದು ತೋರಿಸಬೇಕು, ಸ್ಕ್ರೀನ್‌ಶಾಟ್ ನಡೆಯದು. ಬ್ಯಾಟರಿ ಸತ್ತರೆ ಟಿಕೆಟ್ ಇಲ್ಲದ ಲೆಕ್ಕವೇ. ಹಿರಿಯರದ್ದು ಮತ್ತು ಅವ್ವನದ್ದು ಕಿಟಕಿಯಲ್ಲಿ ಕಾಗದದ ಟಿಕೆಟ್ಟೇ ತೆಗೆಯಿರಿ. ಬೇರೆ ಡಬ್ಬದಲ್ಲಿ ಇರುತ್ತಾರೆ, ನಿಮ್ಮ ಫೋನ್ ಅವರ ಉಪಯೋಗಕ್ಕೆ ಬರುವುದಿಲ್ಲ.

ಇಂಡಿಕೇಟರ್ ಓದುವುದು ಹೀಗೆ. ಉದಾಹರಣೆಗೆ ದಾದರ್‌ನಲ್ಲಿ "ಕೆ, 4.20, ಎಫ್, 12" ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಕಂಡರೆ: ಕಲ್ಯಾಣ್ ಗಾಡಿ, 4.20ರದ್ದು, ಫಾಸ್ಟ್, 12 ಡಬ್ಬ. "ಟಿ" ಅಂದರೆ ಠಾಣೆ. ಅದು ಡೊಂಬಿವಲಿಗೆ ಹೋಗುವುದಿಲ್ಲ. "ಎನ್" ಕಸಾರಾ, "ಎಸ್" ಕರ್ಜತ್. ಇಲ್ಲಿ ಎಚ್ಚರ: ಊರಿನ ಜಾಗದಲ್ಲಿ "ಎಸ್" ಇದ್ದರೆ ಕರ್ಜತ್, ಸಮಯದ ಆಚೆ "ಎಸ್" ಇದ್ದರೆ ಸ್ಲೋ. 12ರ ಬದಲು 15 ಇದ್ದರೆ ಗಾಡಿ ಉದ್ದ, ಡಬ್ಬಗಳು ನಿಲ್ಲುವ ಜಾಗವೂ ಬದಲಾಗುತ್ತದೆ.

ಸಂಜೆ ಕಸಾರಾ, ಕರ್ಜತ್ ಫಾಸ್ಟ್ ಕೂಡ ಡೊಂಬಿವಲಿಯಲ್ಲಿ ನಿಲ್ಲುತ್ತದೆ ಅಂತ ಹತ್ತಬೇಡಿ. ಅದು ದೂರದವರ ಗಾಡಿ, ಅವರಿಗೆ ಅದು ಬಿಟ್ಟರೆ ಬೇರೆ ಬೇಗ ಸಿಗುವುದಿಲ್ಲ. ಒಳಗೆ ಸೇರಿದವರಿಗೆ ಡೊಂಬಿವಲಿಯಲ್ಲಿ ಬಾಗಿಲವರೆಗೆ ಬರುವುದೇ ಕಷ್ಟ. ಡೊಂಬಿವಲಿ ಅಥವಾ ಕಲ್ಯಾಣ್ ಗಾಡಿಗೇ ಕಾಯಿರಿ. ಆಸ್ಪತ್ರೆಯಿಂದ ವಾಪಸಾಗುವಾಗ ಪರೇಲ್‌ನಿಂದಲೇ ಹೊರಡುವ ಕೆಲವು ಲೋಕಲ್‌ಗಳೂ ಇವೆ, ಕೂರುವ ಜಾಗಕ್ಕೆ ಅವು ಒಳ್ಳೆಯವು.

ಕಾಂದಿವಲಿ_ಕರಾವಳಿ

ನಮ್ಮ ವೆಸ್ಟರ್ನ್‌ನಲ್ಲಿಯೂ ಇದೇ. ಬೋರಿವಲಿ ಇಳಿಯುವವರು ಸಂಜೆ ವಿರಾರ್ ಫಾಸ್ಟ್ ಹತ್ತಬಾರದು, ಬೋರಿವಲಿ ಗಾಡಿಗೆ ಕಾಯಬೇಕು.

ಇಳಿಯುವ ಕ್ರಮ ಹೇಳ್ತೇನೆ, ಯಾರೂ ಹೇಳಿಲ್ಲ. ಗಾಡಿ ನಿಲ್ಲುವುದು ಇಪ್ಪತ್ತು–ಮೂವತ್ತು ಸೆಕೆಂಡು. ನಿಂತ ಮೇಲೆ ಎದ್ದರೆ ಆಗುವುದಿಲ್ಲ. ದಾದರ್ ಇಳಿಯುವವರು ಕುರ್ಲಾ ಬಿಟ್ಟ ಕೂಡಲೇ ಏಳಬೇಕು. ಚೀಲ ಬೆನ್ನಿನಿಂದ ತೆಗೆದು ಎದೆಗೆ. ಮುಂದೆ ನಿಂತವರ ಭುಜ ಮುಟ್ಟಿ "ದಾದರ್?" ಅಂತ ಕೇಳಿ. ಹೌದು ಅಂದರೆ ಅವರ ಹಿಂದೆಯೇ ನಿಲ್ಲಿ, ಇಲ್ಲ ಅಂದರೆ ಅವರೇ ಸರಿದು ದಾರಿ ಬಿಡ್ತಾರೆ. ಹಾಗೆ ಕೇಳ್ತಾ ಕೇಳ್ತಾ ಬಾಗಿಲವರೆಗೆ ಸಾಲು ಆಗ್ತದೆ. ಪ್ಲಾಟ್‌ಫಾರ್ಮ್ ಯಾವ ಬದಿಗೆ ಬರ್ತದೆ ಅಂತ ಅವರ ಹತ್ತಿರವೇ ಕೇಳಿಕೊಳ್ಳಿ. ತಪ್ಪು ಬದಿಗೆ ನಿಂತರೆ ಕೆಲಸ ಕೆಟ್ಟಿತು. ಇಳಿದ ಮೇಲೆ ಬಾಗಿಲ ಎದುರು ನಿಲ್ಲಬೇಡಿ, ಪಕ್ಕಕ್ಕೆ ಬನ್ನಿ. ಹತ್ತುವವರು ಆಗಲೇ ನುಗ್ಗಿರ್ತಾರೆ. ಇಳಿಯಲಿಕ್ಕೆ ಆಗದಿದ್ದರೆ ಹೋಗಲಿ ಬಿಡಿ, ಮುಂದಿನ ಸ್ಟೇಷನ್‌ನಲ್ಲಿ ಇಳಿದು ವಾಪಸ್ ಬರಬಹುದು. ಗಾಡಿ ಹೊರಟ ಮೇಲೆ ಹಾರಬೇಡಿ.

ಬಾಗಿಲಲ್ಲಿ ನೇತಾಡುವುದಂತೂ ಬೇಡವೇ ಬೇಡ. 2025ರ ಜೂನ್ 9ರಂದು ಮುಂಬ್ರಾ ಹತ್ತಿರ ಬಾಗಿಲಲ್ಲಿ ನಿಂತವರು ಬಿದ್ದು ಜೀವ ಹೋಯಿತು. ನೀವು ಹೋಗುವ ದಾರಿಯಲ್ಲೇ ಆ ಜಾಗ ಉಂಟು. ಬಾಗಿಲಲ್ಲಿ ಫೋನ್ ಹಿಡಿದು ನಿಂತವರ ಕೈಗೆ ಹಳಿಯ ಪಕ್ಕದಿಂದ ಕೋಲಿನಲ್ಲಿ ಹೊಡೆದು ಬೀಳಿಸುವವರೂ ಇದ್ದಾರೆ, ಫಟ್ಕಾ ಗ್ಯಾಂಗ್ ಅಂತ ಹೇಳ್ತಾರೆ.

ಹಾರ್ಬರ್_ಕನ್ನಡ

ಜುಲೈ ಅಂದಮೇಲೆ ಮಳೆಯ ಮಾತು ಬರಬೇಕು. ಬರೀ ಮಳೆಗೆ ಲೋಕಲ್ ನಿಲ್ಲುವುದಿಲ್ಲ. ಜೋರು ಮಳೆಯೂ ಸಮುದ್ರದ ಉಬ್ಬರವೂ ಒಂದೇ ಹೊತ್ತಿಗೆ ಬಂದಾಗ ಚರಂಡಿಯ ನೀರು ಸಮುದ್ರಕ್ಕೆ ಹೋಗಲು ದಾರಿ ಸಿಗದೆ ನಿಲ್ಲುತ್ತದೆ, ಆಗ ಕುರ್ಲಾ, ಸಾಯನ್, ಚುನಾಭಟ್ಟಿ, ಮಸ್ಜಿದ್ ಬಳಿ ಹಳಿ ಮುಳುಗುತ್ತದೆ. ಉಬ್ಬರದ ಸಮಯ, ಎತ್ತರ ಎರಡನ್ನೂ ಪಾಲಿಕೆ ಮೊದಲೇ ತಿಳಿಸುತ್ತದೆ. 4.5 ಮೀಟರ್ ದಾಟುವ ದಿನ ಭಾರೀ ಮಳೆಯ ಎಚ್ಚರಿಕೆಯೂ ಇದ್ದರೆ ಮಾಟುಂಗಾ ಕಾರ್ಯಕ್ರಮ ಬಿಟ್ಟುಬಿಡಿ. ಆಸ್ಪತ್ರೆಯ ದಿನವೇ ಹಾಗಾದರೆ ಉಬ್ಬರಕ್ಕೆ ಎರಡು ಗಂಟೆ ಮೊದಲೇ ಪರೇಲ್ ಮುಟ್ಟಿ. ರಸ್ತೆಯಲ್ಲಿ ಆಸ್ಪತ್ರೆಗೆ ಹತ್ತಿರದ ಹಿಂದಮಾತಾ ನೀರು ನಿಲ್ಲುವುದಕ್ಕೇ ಹೆಸರಾದ ಜಾಗ, ಅಂಥ ದಿನ ದಾದರ್‌ನಿಂದ ಟ್ಯಾಕ್ಸಿ ನಂಬಬೇಡಿ.

ಮಾಟುಂಗಾ_ಪೂರ್ವ

ಟ್ಯಾಕ್ಸಿ, ರಿಕ್ಷಾ ದರ 2025ರ ಫೆಬ್ರವರಿ 1ರಿಂದ: ಮೊದಲ 1.5 ಕಿ.ಮೀ.ಗೆ ಕಾಲಿ-ಪೀಲಿ (ಕಪ್ಪು-ಹಳದಿ) ಟ್ಯಾಕ್ಸಿ 31, ರಿಕ್ಷಾ 26. ಆಮೇಲೆ ಕಿ.ಮೀ.ಗೆ ಟ್ಯಾಕ್ಸಿ 20.66, ರಿಕ್ಷಾ 17.14. 3 ಕಿ.ಮೀ. ಟ್ಯಾಕ್ಸಿಗೆ ಸುಮಾರು 62 ರೂಪಾಯಿ ಅಂತ ಲೆಕ್ಕ ಇಟ್ಟುಕೊಳ್ಳಿ. ಮಧ್ಯರಾತ್ರಿಯಿಂದ 5ರವರೆಗೆ ಕಾಲು ಪಾಲು ಹೆಚ್ಚು. ಮಾಹಿಮ್, ಸಾಯನ್‌ನಿಂದ ದಕ್ಷಿಣಕ್ಕೆ ರಿಕ್ಷಾ ಇಲ್ಲವೇ ಇಲ್ಲ. ಮಾಟುಂಗಾ, ಪರೇಲ್‌ನಲ್ಲಿ ರಿಕ್ಷಾ ಹುಡುಕುತ್ತಾ ನಿಲ್ಲಬೇಡಿ.

ಬೆಸ್ಟ್ (ಮುಂಬೈಯ ಸಿಟಿ ಬಸ್) ಬಸ್ಸಿಗೆ ಕನಿಷ್ಠ 10, ಎಸಿಗೆ 12. ಎದುರಿನ ನಂಬರ್ ಮರಾಠಿ ಅಂಕಿಯಲ್ಲಿರುತ್ತದೆ. ಓದಲು ಬಾರದಿದ್ದರೆ ಬಾಗಿಲ ಪಕ್ಕದ ಫಲಕದಲ್ಲಿ ಇಂಗ್ಲಿಷ್ ನೋಡಿ.

ಹುಬ್ಬಳ್ಳಿ_ಪ್ರಯಾಣಿ

ಬರಕೊಂಡೇನ್ರಿ, ತಪ್ಪಿದ್ರ ತಿದ್ದರಿ. ಕಲ್ಯಾಣದಾಗ ಇಳದು ಡೊಂಬಿವಲಿ. ಆಸ್ಪತ್ರೆಗೆ ಡೊಂಬಿವಲಿಯಿಂದ ಬಿಡೋ ಸ್ಲೋ, 7.15ರ ಒಳಗ, ಇಳಿಯೋದು ಪರೇಲ್ ಪೂರ್ವ. ಮಾಟುಂಗಾಕ್ಕೂ ಸ್ಲೋ, ಪೂರ್ವ. ರವಿವಾರ 10ರ ಒಳಗ ಘಾಟ್ಕೋಪರ್, ಡಿ.ಎನ್. ನಗರ, 2ಎ, ದಹಾಣೂಕರ್‌ವಾಡಿ. ವಾಪಸ್ ಟಿಕೀಟ್ ಆಸ್ಪತ್ರೆಯ ಫಾರ್ಮ್ ಸಿಕ್ಕ ಮ್ಯಾಲೆ.

ಪರೇಲ್_ನೆರೆಹೊರೆ

ಎಲ್ಲ ಸರಿಯಾಗಿದೆ. ಒಂದೇ ಸೇರಿಸಿ: ಗಾಡಿಯಲ್ಲಿ ಹಿರಿಯರಿಗೆ ಹುಷಾರು ತಪ್ಪಿದರೆ 139ಕ್ಕೆ ಕರೆ ಮಾಡಿ, ಮುಂದಿನ ಸ್ಟೇಷನ್‌ನಲ್ಲಿ ಇಳಿದು ಸ್ಟೇಷನ್ ಮಾಸ್ಟರ್ ಕೋಣೆಗೆ ಹೋಗಿ. ಹತ್ತಿದ ಗಾಡಿಯ ಸಮಯವನ್ನು ಒಂದು ಚೀಟಿಯಲ್ಲಿ ಬರೆದು ಹಿರಿಯರ ಜೇಬಿನಲ್ಲೂ ಅವ್ವನ ಪರ್ಸಿನಲ್ಲೂ ಇಡಿ, ಜೊತೆಗೆ ನಿಮ್ಮ ಫೋನ್ ನಂಬರ್.